ಕೀಲಿಮಣೆಯ ಮಡಿ

ಮಡಿಯುಟ್ಟವರ ಕೈ ಬೇರೆಯಾಗುವುದಿಲ್ಲ. ಆ ಕೈ ಮಾಡುವ ಕೆಲಸ ಬೇರೆಯಾಗುತ್ತದೆ. ಮಡಿಯಲ್ಲಿರುವುದು ಉಟ್ಟ ಬಟ್ಟೆಯಿಂದಲೇ ತಿಳಿಯುತ್ತಿದ್ದುದರಿಂದ ನಮ್ಮ ಹಿರಿಯರ ಅಡುಗೆಮನೆಯಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ಕಲಾಶಾಸ್ತ್ರ ಓದಿದ ಗೃಹಿಣಿಯಾದ ನನಗೆ ಗಣಕಯಂತ್ರದ ಒಂದು ಹಳೆಯ ತತ್ತ್ವ ಅರ್ಥವಾದದ್ದು ಈ ಹೋಲಿಕೆಯಿಂದಲೇ.

1976ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಬಿಲ್ ಜಾಯ್ ರೂಪಿಸತೊಡಗಿದ 'ವಿಐ' ಎಂಬ ತಂತ್ರಾಂಶದಲ್ಲಿ ಕೀಲಿಮಣೆಗೆ ಎರಡು ಅವಸ್ಥೆಗಳು. ಬರೆಯುವ ಅವಸ್ಥೆಯಲ್ಲಿ 'ಎಕ್ಸ್' ಒತ್ತಿದರೆ ಆ ಅಕ್ಷರ ಮೂಡುತ್ತದೆ. 'ಎಸ್ಕೇಪ್' ಒತ್ತಿ ಆಜ್ಞೆಯ ಅವಸ್ಥೆಗೆ ಹೋದರೆ ಅದೇ ಕೀಲಿ ಅಕ್ಷರವನ್ನು ಅಳಿಸುತ್ತದೆ. ಎಚ್, ಜೆ, ಕೆ, ಎಲ್ ಕೀಲಿಗಳು ಎಡ, ಕೆಳಗೆ, ಮೇಲೆ, ಬಲಕ್ಕೆ ಒಯ್ಯುತ್ತವೆ. ಜಾಯ್ ಬಳಸಿದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ಕೀಲಿಗಳ ಮೇಲೆಯೇ ಇದ್ದವು. 1983ರಲ್ಲಿ ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ಪ್ರಕಟಪಡಿಸಿದ ಶೆಲ್, ಯಂತ್ರಕ್ಕೆ ಆಜ್ಞೆ ಬರೆಯುವ ಒಂಟಿ ಸಾಲಿಗೂ ಈ ಪದ್ಧತಿಯನ್ನು ತಂದಿತು. ಇಂದಿನ 'ಬ್ಯಾಷ್' ಶೆಲ್ಲಿನಲ್ಲಿಯೂ ಬೇಕೆಂದವರಿಗೆ ಅದು ಲಭ್ಯ.

ಮರ್ಫಿಯ ಗೃಹಿಣಿಗೆ ಇದರ ಗೊಡವೆಯೇಕೆ ಎಂದು ಬಂಧುಗಳು ಕೇಳಬಹುದು. ನನ್ನ ತಾಯಿಯವರು ಬರೆದ ನೀಲಿ ಏರೋಗ್ರಾಮ್‌ಗಳ ಚಿತ್ರಗಳನ್ನು ಕನ್ನಡದ ಹೆಸರಿಟ್ಟು ಗಣಕದಲ್ಲಿ ಜೋಡಿಸುತ್ತಿದ್ದೇನೆ. ನೂರಾರು ಕಡತಗಳ ಹೆಸರನ್ನು ಒಂದೇ ಸಾಲಿನ ಆಜ್ಞೆಯಿಂದ ಬದಲಿಸುವ ಅನುಕೂಲ ಶೆಲ್ಲಿನಲ್ಲಿದೆ. ಅಪಾಯವೂ ಅಲ್ಲಿಯೇ ಇದೆ. 'ಎಂಟರ್' ಒತ್ತಿದೊಡನೆ ಆಜ್ಞೆ ನೆರವೇರುತ್ತದೆ. 'ಆರ್‌ಎಂ' ಅಳಿಸಿದ ಕಡತ ಕಸದಬುಟ್ಟಿಯಲ್ಲಿಯೂ ಸಿಗುವುದಿಲ್ಲ. ತಾಯಿಯ ಕೈಬರಹವನ್ನು ಒಪ್ಪಿಸುವ ಸಾಲಿನಲ್ಲಿ ಯಾವ ಕೀಲಿ ಏನು ಮಾಡೀತೆಂಬ ಸಂಶಯವಿರಬಾರದು.

ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಸಾಲದೇ ಎಂಬುದು ಮನೆಯವರ ವಾದ. ಆ ಲಿಪಿಯಲ್ಲಿ ನಮ್ಮೂರ ಹಳ್ಳಿಯೂ ಗೋಡೆಯ ಹಲ್ಲಿಯೂ ಒಂದೇ ಆಗಿಬಿಡುತ್ತವೆ!

ಆದರೆ ಕನ್ನಡಿಗರಿಗೆ ಇಲ್ಲಿ ಎರಡು ಮಡಿಗಳ ಪಾಲನೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಂದಿನಿಂದ, ಒಂದು ಕೀಲಿ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳುವುದು ನಮ್ಮಲ್ಲಿ ಅನೇಕರಿಗೆ ರೂಢಿ. ಇದರೊಡನೆ ವಿಐ ಅವಸ್ಥೆಗಳು ಸೇರಿದರೆ ನಾಲ್ಕು ಸ್ಥಿತಿಗಳಾದವು. ಕನ್ನಡದಲ್ಲಿ ಬರೆಯುತ್ತ 'ಎಸ್ಕೇಪ್' ಒತ್ತಿ, ಅಳಿಸಲೆಂದು 'ಎಕ್ಸ್' ಒತ್ತಿದರೆ, ಶೆಲ್ಲಿಗೆ ತಲುಪುವುದು ಆಜ್ಞೆಯಲ್ಲ, ಕನ್ನಡದ ಚಿಹ್ನೆ. ಅದಕ್ಕೆ ಅದು ಅರ್ಥವಾಗುವುದಿಲ್ಲ.

ಆದುದರಿಂದ ನನ್ನ ಬೇಡಿಕೆ ನಾಲ್ಕು. ಪ್ರತಿ ಹೊಸ ಸಾಲೂ ಬರೆಯುವ ಅವಸ್ಥೆಯಲ್ಲಿಯೇ ತೆರೆಯಲಿ. ಬ್ಯಾಷ್ ಈಗಾಗಲೇ ಹಾಗೆ ಮಾಡುತ್ತದೆ. ಅವಸ್ಥೆ ಯಾವುದೆಂಬುದು ಮಡಿಬಟ್ಟೆಯಂತೆ ಕಣ್ಣಿಗೆ ಕಾಣಲಿ. ಬ್ಯಾಷ್ ಬಳಸುವ 'ರೀಡ್‌ಲೈನ್' 2014ರಲ್ಲಿ ಈ ಸೌಲಭ್ಯ ಪಡೆದರೂ, ನಾವಾಗಿ ಕೇಳದ ಹೊರತು ತೋರಿಸುವುದಿಲ್ಲ. ಮೂರನೆಯದಾಗಿ, ಆಜ್ಞೆಯ ಅವಸ್ಥೆಯಲ್ಲಿ ಲಿಪಿ ಯಾವುದಿದ್ದರೂ ಕೀಲಿ ಆಜ್ಞೆಯನ್ನೇ ಪಾಲಿಸಲಿ, ಬರವಣಿಗೆಗೆ ಮರಳಿದೊಡನೆ ಕನ್ನಡವೂ ಮರಳಲಿ. ವಿಐನ ವಂಶಜವಾದ 'ವಿಮ್' ತನ್ನೊಳಗಿನ ಕೀಲಿ ವಿನ್ಯಾಸಗಳಿಗೆ ಇಂಥ ಏರ್ಪಾಟು ಮಾಡಿದೆ. ಶೆಲ್ಲಿಗೆ ಅದು ಅಸಾಧ್ಯವಾಗಲಾರದು. ಕೊನೆಯದು ಅಕ್ಷರದ ಗೌರವ. ಯೂನಿಕೋಡಿನ ಲೆಕ್ಕದಲ್ಲಿ 'ಕ್ಷಿ' ನಾಲ್ಕು ಸಂಕೇತಗಳ ಕೂಟ: ಕಕಾರ, ವಿರಾಮ ಚಿಹ್ನೆ, ಷಕಾರ, ಗುಡಿಸು. ಬರೆಯುವಾಗ ಗುಡಿಸೊಂದನ್ನೇ ತೆಗೆಯುವುದು ಅನುಕೂಲವೇ ಸರಿ. ಆಜ್ಞೆ ಕೊಟ್ಟು ಅಳಿಸುವಾಗ ಮಾತ್ರ ಇಡೀ ಅಕ್ಷರ ಹೋಗಬೇಕು. ಅರ್ಧ ಉಳಿದ ಹೆಸರಿನಿಂದ ಕಡತ ಮತ್ತೆ ದೊರೆಯದು.

ರಿಚರ್ಡ್‌ಸನ್, ಆಸ್ಟಿನ್, ಹ್ಯೂಸ್ಟನ್ ನಗರಗಳಿಂದ ಈ ಸಮ್ಮೇಳನಕ್ಕೆ ಬಂದಿರುವ ಕನ್ನಡ ತಂತ್ರಜ್ಞರಲ್ಲಿ ನನ್ನ ವಿನಂತಿ ಇಷ್ಟೆ. ಬ್ಯಾಷ್, ರೀಡ್‌ಲೈನ್‌ಗಳ ಮೂಲ ಬರಹ ಎಲ್ಲರಿಗೂ ಮುಕ್ತ. ತಿದ್ದಲು ಯಾರ ಅಪ್ಪಣೆಯೂ ಬೇಡ. ವೇದಿಕೆಯಲ್ಲಿ ಕನ್ನಡವನ್ನು ಕೊಂಡಾಡುವ ನಾವು, ಮಿನುಗುವ ಆ ಒಂಟಿ ಸಾಲಿನಲ್ಲಿಯೂ ಅದಕ್ಕೊಂದು ನೆಲೆ ಕಲ್ಪಿಸೋಣ.