ಚಳಿಯ ಸುಳ್ಳು ಸುದ್ದಿ

ಬೇಸಿಗೆಯ ಒಂದು ಬೆಳಗ್ಗೆ ಆ ಮನೆಯ ಫ್ರಿಜ್ ತಣ್ಣಗಾಗುವುದನ್ನೇ ನಿಲ್ಲಿಸಿತ್ತು. ಒಳಗೆ ದೀಪ ಉರಿಯುತ್ತಿತ್ತು. ಕಂಪ್ರೆಸರ್ ಮಾತ್ರ ಸದ್ದಿಲ್ಲ. ಹಾಲು ಕೆಟ್ಟರೆ ಕೆಡಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಅಜ್ಜಿಯ ಇನ್ಸುಲಿನ್ ಗತಿ? ಅದನ್ನು ಪಕ್ಕದ ಮನೆಗೆ ಸಾಗಿಸಿದ್ದಾಯಿತು.

‘ಬೋರ್ಡೇ ಹೋಗಿದೆ’ ಎಂದ ಮೆಕ್ಯಾನಿಕ್, ಸಾವಿರಗಳ ಲೆಕ್ಕ ಹೇಳಿದ. ಅಪ್ಪ ಮಗಳ ಕಾಲೇಜು ಫೀಸಿನ ಹಣಕ್ಕೆ ಕೈಹಾಕಿದರು. ಪಿಯುಸಿ ಓದುವ ಮಗಳು ತಡೆದಳು: ‘ಅಣ್ಣಾ, ಸೆನ್ಸರ್ ಒಮ್ಮೆ ಅಳೆದು ನೋಡಿ.’

ಫ್ರಿಜ್‌ನ ಒಳಗಿನ ತಾಪವನ್ನು ಬೋರ್ಡಿಗೆ ತಿಳಿಸುವುದು ಥರ್ಮಿಸ್ಟರ್ ಎಂಬ ಪುಟ್ಟ ಭಾಗ. ತಣ್ಣಗಾದಷ್ಟೂ ಅದರ ವಿದ್ಯುತ್ ರೋಧ ಏರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಇಂಥ ಗುಣವನ್ನು ಮೈಕೇಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡ್‌ನಲ್ಲಿ ಗುರುತಿಸಿದ್ದ.

ಮೆಕ್ಯಾನಿಕ್ ಪ್ಲಗ್ ಕಿತ್ತು ಮೀಟರ್ ಹಚ್ಚಿದ. 25 ಡಿಗ್ರಿಯಲ್ಲಿ 10 ಸಾವಿರ ಓಮ್ ಇರಬೇಕಾದ ಸೆನ್ಸರ್ ಅದು. ಮೀಟರಿನ ಮುಳ್ಳು ಅಲುಗಲೇ ಇಲ್ಲ. ತಂತಿ ಒಳಗೇ ಕಡಿದಿತ್ತು. ಕಡಿದ ತಂತಿಯ ರೋಧ ಅಪಾರ. ಅದನ್ನೇ ಬೋರ್ಡು ‘ವಿಪರೀತ ಚಳಿ’ ಎಂದು ನಂಬಿ ಕಂಪ್ರೆಸರ್ ನಿಲ್ಲಿಸಿತ್ತು!

ಕೆಲವು ನೂರು ರೂಪಾಯಿಯಲ್ಲಿ ಹೊಸ ಸೆನ್ಸರ್ ಬಂತು, ಫೀಸು ಉಳಿಯಿತು. ಒಳಗಿಟ್ಟ ಥರ್ಮಾಮೀಟರ್ 5 ಡಿಗ್ರಿ ತೋರಿಸಿದ ಮೇಲಷ್ಟೇ ಮಗಳು ಅಜ್ಜಿಯ ಔಷಧಿಯನ್ನು ಮರಳಿ ತಂದಳು. ಅಳೆದ ಮೇಲೇ ನಂಬಬೇಕೆಂಬ ಪಾಠ ಅಂದು ಪುಸ್ತಕದಿಂದ ಅಡುಗೆಮನೆಗೆ ಬಂದಿತ್ತು.