ಹಳೆಯ ಧ್ವನಿಯಂತ್ರಗಳ ಕ್ರಯವಿಕ್ರಯ

ನೀರಿನಲ್ಲಿ ಮುಳುಗಿರುವ ಎಮ್ಮೆಗೆ ವ್ಯಾಪಾರ ಮಾಡಬಾರದೆಂಬುದು ಕನ್ನಡಿಗರ ಗಾದೆ. ಕೊಂಬು ಕಾಣುತ್ತದೆ, ಕೆಚ್ಚಲು ಕಾಣುವುದಿಲ್ಲ. ಹಳೆಯ ರೇಡಿಯೋ, ಟೇಪ್‌ರೆಕಾರ್ಡರು, ರಿಕಾರ್ಡ್ ಪ್ಲೇಯರು, ಆಂಪ್ಲಿಫೈಯರುಗಳನ್ನು ಅಂತರ್ಜಾಲದ ಪೇಟೆಯಲ್ಲಿ ಕೊಳ್ಳುವವನ ಸ್ಥಿತಿಯೂ ಇದೇ. ಚಿತ್ರದಲ್ಲಿ ಮರದ ಪೆಟ್ಟಿಗೆ ಥಳಥಳಿಸುತ್ತದೆ. ಒಳಗಿನ ಕೆಪಾಸಿಟರು ಒಣಗಿದೆಯೇ, ಟೇಪನ್ನು ತಿರುಗಿಸುವ ರಬ್ಬರಿನ ಬೆಲ್ಟು ಸಡಿಲಿದೆಯೇ, ಸ್ಪೀಕರಿನ ಅಂಚಿನ ಫೋಮು ಪುಡಿಯಾಗಿದೆಯೇ ಎಂಬುದು ಚಿತ್ರಕ್ಕೆ ನಿಲುಕುವುದಿಲ್ಲ. ನಾದವು ಕಿವಿಯ ವಿಷಯ. ಅದನ್ನು ಕಣ್ಣಿನಿಂದ ಪರೀಕ್ಷಿಸಿ ಹಣ ತೆರಬೇಕಾಗಿರುವುದೇ ಈ ವ್ಯಾಪಾರದ ವಿಲಕ್ಷಣತೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹಳೆಯ ಮನೆಗಳಲ್ಲಿ ಇಂತಹ ಯಂತ್ರವೊಂದು ಅಟ್ಟದ ಮೇಲೋ ಕಪಾಟಿನ ನೆತ್ತಿಯಲ್ಲೋ ಬಟ್ಟೆ ಹೊದ್ದು ಕುಳಿತಿರುವುದು ಅಪೂರ್ವವಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿಯೋ ರೈಲ್ವೆಯಲ್ಲಿಯೋ ದುಡಿದ ಯಜಮಾನನು ಒಂದು ವರ್ಷದ ಬೋನಸ್ಸಿನಲ್ಲಿ ಅದನ್ನು ಕೊಂಡಿರುತ್ತಾನೆ. ಮನೆಯವರೆಲ್ಲ ಅದರ ಸುತ್ತ ಕುಳಿತು ವಾರ್ತೆಯನ್ನೂ ವಚನಗಾಯನವನ್ನೂ ಕೇಳಿರುತ್ತಾರೆ. ಕೊಂಡವನು ಕಾಲವಶನಾಗುತ್ತಾನೆ, ಮಕ್ಕಳು ಹೈದರಾಬಾದಿನಲ್ಲೋ ಪುಣೆಯಲ್ಲೋ ನೆಲೆಸುತ್ತಾರೆ, ಯಂತ್ರವು ಮನೆಯಲ್ಲಿ ಒಂಟಿಯಾಗಿ ಉಳಿದ ಗೃಹಿಣಿಯ ಪಾಲಿಗೆ ಬರುತ್ತದೆ. ಗುಜರಿಯವನು ತಕ್ಕಡಿ ಹಿಡಿದು ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಅದೇ ಯಂತ್ರವನ್ನು ವರ್ಷಗಳಿಂದ ಅರಸುತ್ತಿರುವ ರಸಿಕನೊಬ್ಬನು ಕೊಚ್ಚಿಯಲ್ಲಿಯೋ ಕೋಲ್ಕತ್ತದಲ್ಲಿಯೋ ಇರಬಹುದು. ಹಿಂದೆ ಇವರಿಬ್ಬರು ಸಂಧಿಸುವ ಮಾರ್ಗವೇ ಇರಲಿಲ್ಲ. ಅಂತರ್ಜಾಲದ ಪೇಟೆಯು ಆ ಮಾರ್ಗವನ್ನು ತೆರೆಯಿತು. ಇದು ಸಣ್ಣ ಉಪಕಾರವಲ್ಲ. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ವಿಚಾರವನ್ನು ಮಾಡತಕ್ಕದ್ದು.

ಉಪಕಾರಕ್ಕೆ ಕೂಲಿಯೂ ಉಂಟು. ತೊಗರಿಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡತಿಯ ಅಂಗಡಿಯಲ್ಲಿ ಚೀಲ ಇಳಿಸಿದ ರೈತನು ದಲ್ಲಾಳಿ, ಹಮಾಲಿ, ತೂಕದ ಖರ್ಚು ಎಂದು ಕಳೆದ ಮೊತ್ತವನ್ನು ನೋಡಿ ಗೊಣಗುತ್ತಾನೆ. ಆದರೂ ಮುಂದಿನ ಸುಗ್ಗಿಗೆ ಅದೇ ಅಂಗಡಿಗೆ ಬರುತ್ತಾನೆ. ಏಕೆಂದರೆ ಕೊಂಡ ವ್ಯಾಪಾರಿಯು ಹಣ ಕೊಡದಿದ್ದರೆ ಕೇಳಲು ಒಂದು ಗದ್ದಿಗೆ ಇದೆ, ಗದ್ದಿಗೆಯ ಮೇಲೆ ಒಬ್ಬ ಮನುಷ್ಯನಿದ್ದಾನೆ. ಅಡತಿಯೆಂಬುದು ಆ ಮನುಷ್ಯನ ಹೊಣೆಗಾರಿಕೆಗೆ ಕೊಡುವ ಬೆಲೆ.

ಅಂತರ್ಜಾಲದ ಪೇಟೆಗಳ ಶುಲ್ಕವೂ ಹೀಗೆಯೇ ಹುಟ್ಟಿತು. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬಾತನು ಅಮೆರಿಕದಲ್ಲಿ ಆರಂಭಿಸಿದ ಹರಾಜಿನ ತಾಣವೇ ಮುಂದೆ ಈಬೇ ಎನಿಸಿಕೊಂಡಿತು. ಮೊದಲಲ್ಲಿ ಮಾರಿದ ವಸ್ತುಗಳಲ್ಲೊಂದು ಕೆಟ್ಟುಹೋದ ಲೇಸರ್ ಸೂಚಕವೆಂದು ಪ್ರಸಿದ್ಧವಾಗಿದೆ. ಜನಸಂದಣಿ ಹೆಚ್ಚಿ ತಾಣದ ಖರ್ಚು ಏರಿದಾಗ ಆತನು ಶುಲ್ಕ ಕೇಳಲಾರಂಭಿಸಿದನು, ಜನರು ಕೊಟ್ಟರು. ಅಲ್ಲಿಂದ ಮುಂದಕ್ಕೆ ಶುಲ್ಕವು ಏರುತ್ತಲೇ ಬಂದಿತು. 2024ರಲ್ಲಿ ಅಮೆರಿಕದ ಈಬೇ ಬಹುತೇಕ ವರ್ಗಗಳ ಸರಕಿಗೆ ನೂರಕ್ಕೆ 13.25ರಂತೆ ತೆಗೆದುಕೊಳ್ಳುತ್ತಿತ್ತು. ವಾದ್ಯಗಳಿಗೂ ಧ್ವನಿಯಂತ್ರಗಳಿಗೂ ಮೀಸಲಾಗಿ 2013ರಲ್ಲಿ ಷಿಕಾಗೋದಲ್ಲಿ ಆರಂಭವಾದ ರಿವರ್ಬ್ ಎಂಬ ಪೇಟೆಯು 2020ರಲ್ಲಿ ತನ್ನ ಶುಲ್ಕವನ್ನು ಶೇಕಡಾ ಮೂರೂವರೆಯಿಂದ ಐದಕ್ಕೆ ಏರಿಸಿತು. ಹಣ ಸಲ್ಲಿಸುವ ವೆಚ್ಚವು ಅದಕ್ಕೆ ಪ್ರತ್ಯೇಕ. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಡಿಸ್ಕಾಗ್ಸ್ ಪೇಟೆಯು 2023ರಲ್ಲಿ ಎಂಟನ್ನು ಒಂಬತ್ತು ಮಾಡಿತು. ಮಾತ್ರವಲ್ಲ, ಸಾಗಾಟದ ಖರ್ಚನ್ನೂ ಸೇರಿಸಿ ಲೆಕ್ಕ ಹಿಡಿಯಿತು.

ಈ ಎರಡನೆಯ ಬದಲಾವಣೆಯ ಮರ್ಮವನ್ನು ಲೆಕ್ಕದಿಂದ ತಿಳಿಯಬಹುದು. ತಟ್ಟೆಗಳ ಕಟ್ಟೊಂದರ ಬೆಲೆ ₹10,000, ಸಾಗಾಟ ₹1,500 ಎಂದಿಟ್ಟುಕೊಂಡರೆ, ಹಿಂದಿನ ಕ್ರಮದಲ್ಲಿ ಶುಲ್ಕ ₹800. ಹೊಸ ಕ್ರಮದಲ್ಲಿ ₹11,500ರ ಮೇಲೆ ₹1,035. ನೂರಕ್ಕೆ ಒಂದು ಮಾತ್ರ ಏರಿತೆಂದು ಕಂಡರೂ ಕೈಯಿಂದ ಹೋಗುವ ಹಣವು ಕಾಲುಭಾಗಕ್ಕಿಂತ ಹೆಚ್ಚು ಏರಿದೆ. ದೂರದ ಊರಿನವನಿಗೆ ಈ ಭಾರ ಅಧಿಕ. ವಾಡಿಯವನಿಗೆ ಜಂಕ್ಷನ್ ಇದೆ. ಸೇಡಂ ಚಿತ್ತಾಪುರಗಳೂ 1874ರಲ್ಲಿ ಆದ ವಾಡಿ-ಸಿಕಂದರಾಬಾದ್ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಂದ ಹೊರಟ ಭಾರವಾದ ಆಂಪ್ಲಿಫೈಯರು ಮೊದಲು ರಸ್ತೆಯ ಕುಲುಕಾಟಕ್ಕೆ ಬಾಡಿಗೆ ತೆತ್ತು, ಆ ಬಾಡಿಗೆಯ ಮೇಲೆ ಶುಲ್ಕವನ್ನೂ ತೆರಬೇಕಾಗುವುದು.

ಹಾಗಾದರೆ ಶುಲ್ಕವಿಲ್ಲದ ಪೇಟೆಯೇ ಮೇಲಲ್ಲವೇ ಎಂದು ಕೇಳುವವರುಂಟು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬುದು ಲೋಕಸ್ವಭಾವ. ಆದರೆ ಬ್ರಿಟನ್ನಿನ ದೃಷ್ಟಾಂತವನ್ನು ನೋಡಬೇಕು. ಅಲ್ಲಿ ಈಬೇ 2024ರ ಅಕ್ಟೋಬರಿನಲ್ಲಿ ಖಾಸಗಿ ಮಾರಾಟಗಾರರ ಶುಲ್ಕವನ್ನು, ವಾಹನಗಳ ಹೊರತು, ತೆಗೆದುಹಾಕಿತು. ಮಾರುವವರು ಹರ್ಷಪಟ್ಟರು. ನಾಲ್ಕು ತಿಂಗಳು ಕಳೆದು 2025ರ ಫೆಬ್ರುವರಿಯಲ್ಲಿ ಕೊಳ್ಳುವವರ ರಕ್ಷಣೆಯ ಶುಲ್ಕವೆಂಬುದು ಬಂದಿತು. ಅದನ್ನು ತೆರುವವನು ಕೊಳ್ಳುವವನು. ಶುಲ್ಕವು ಸಾಯಲಿಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ದಾಟಿತು. ಕೊಳ್ಳುವವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಕೇಳುವುದರಿಂದ ಕಡೆಗೆ ಮಾರುವವನೂ ಅದರ ಪಾಲನ್ನು ಹೊರುತ್ತಾನೆ.

ಭಾರತದ ಕಥೆ ಬೇರೆ. ಬಾಜೀ ಎಂಬ ಸ್ವದೇಶೀ ಹರಾಜು ತಾಣವನ್ನು 2004ರಲ್ಲಿ ಈಬೇ ಕೊಂಡಿತು. ಅದರಲ್ಲಿ ಪೈಸಾಪೇ ಎಂಬ ಏರ್ಪಾಟಿತ್ತು: ಕೊಳ್ಳುವವನ ಹಣವು ನೇರವಾಗಿ ಮಾರುವವನಿಗೆ ಹೋಗದೆ ಮಧ್ಯದಲ್ಲಿ ನಿಂತು ಆಮೇಲೆ ಸಲ್ಲುತ್ತಿತ್ತು. 2017ರಲ್ಲಿ ಆ ಅಂಗಡಿ ಫ್ಲಿಪ್‌ಕಾರ್ಟಿನ ಕೈಸೇರಿತು. 2018ರ ಆಗಸ್ಟ್ 14ರಂದು ಮುಚ್ಚಿತು. ಅದಾದ ಮೇಲೆ ಸಾಮಾನ್ಯ ಗೃಹಸ್ಥನು ಹಳೆಯ ರೇಡಿಯೋ ಮಾರಲು ಹೆಚ್ಚಾಗಿ ಆಶ್ರಯಿಸುವುದು ಓಎಲ್‌ಎಕ್ಸ್, ಫೇಸ್‌ಬುಕ್ ಮುಂತಾದ ಜಾಹೀರಾತಿನ ಕಟ್ಟೆಗಳನ್ನು. ಅಲ್ಲಿ ಒಂದೆರಡು ಸಾಮಾನು ಮಾರುವವನಿಗೆ ಶುಲ್ಕವಿಲ್ಲ. ಹಾಗೆಯೇ ಹಣವನ್ನು ನಡುವೆ ಹಿಡಿದು ನಿಲ್ಲುವವರೂ ಇಲ್ಲ. ಮಾರುವವನೂ ಕೊಳ್ಳುವವನೂ ಮುಖಾಮುಖಿಯಾಗಿ ಕೊಟ್ಟು ತೆಗೆದುಕೊಳ್ಳಲಿ ಎಂಬುದು ಅದರ ಅಭಿಪ್ರಾಯ. ಬೆಂಗಳೂರಿನ ಎರಡು ಬಡಾವಣೆಗಳ ನಡುವೆ ಇದು ಸಾಧ್ಯ. ಸೇಡಮಿನ ಯಂತ್ರಕ್ಕೆ ಕೊಚ್ಚಿಯ ಗಿರಾಕಿ ಬಂದಾಗ ಮುಖವೆಲ್ಲಿ, ಎದುರೆಲ್ಲಿ?

ಈ ತೆರಪಿನಲ್ಲಿಯೇ ಕಳ್ಳನು ನುಗ್ಗುವುದು. ಗೃಹಿಣಿಯು ಜಾಹೀರಾತು ಹಾಕಿದ ದಿನವೇ ಕರೆ ಬರುತ್ತದೆ. ಮಾತನಾಡುವವನು ತಾನು ಸೈನ್ಯದಲ್ಲಿರುವವನೆಂದು ಹೇಳುವುದು ರೂಢಿಯಾದ ಸೋಗು. ಚೌಕಾಸಿ ಮಾಡುವುದಿಲ್ಲ, ಅದೇ ಮೊದಲ ಸಂದೇಹಕ್ಕೆ ಕಾರಣವಾಗಬೇಕು. “ಅಮ್ಮಾ, ಹಣ ಕಳುಹಿಸುತ್ತಿದ್ದೇನೆ, ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ” ಎನ್ನುತ್ತಾನೆ. ಆಕೆ ಒತ್ತುತ್ತಾಳೆ. ಬರಬೇಕಾದ ಹಣ ಬರುವುದಿಲ್ಲ. ಇದ್ದ ಹಣ ಹೋಗುತ್ತದೆ. ಯುಪಿಐ ವ್ಯವಹಾರದಲ್ಲಿ ಹಣ ಪಡೆಯುವವರು ಪಿನ್ ಒತ್ತಬೇಕಾಗಿಯೇ ಇಲ್ಲವೆಂಬ ಒಂದು ವಾಕ್ಯವನ್ನು ತಿಳಿದಿದ್ದರೆ ಈ ಅನರ್ಥ ನಡೆಯುತ್ತಿರಲಿಲ್ಲ. ನಡೆದುಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ದೂರು ಕೊಡತಕ್ಕದ್ದು. ಶೇಕಡಾ ಐದು ಹತ್ತನ್ನು ಉಳಿಸಲು ಹೋದವರು ಸಂಪೂರ್ಣವನ್ನೂ ಕಳೆದುಕೊಳ್ಳುವ ಬಗೆ ಇದು.

ಕಾಣದ ಸರಕು, ಅರಿಯದ ಮನುಷ್ಯ ಎಂಬ ಸಂಕಟವು ಈ ಕಾಲದ್ದೇ ಎಂದು ಭಾವಿಸಬಾರದು. ಶಹಾಬಾದಿನ ಸಮೀಪದ ಮರ್ತೂರಿನೊಡನೆ ವಿಜ್ಞಾನೇಶ್ವರನ ಹೆಸರನ್ನು ಸೇರಿಸಿ ಹೇಳುವುದು ಈ ಭಾಗದಲ್ಲಿ ವಾಡಿಕೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಚಾರಕ್ಕಾಗಿ ಲೋಕಪ್ರಸಿದ್ಧ. ಅದರ ವ್ಯವಹಾರಾಧ್ಯಾಯದಲ್ಲಿ ಕ್ರೀತಾನುಶಯವೆಂಬ ಪ್ರಕರಣವೊಂದಿದೆ. ಕೊಂಡ ಮೇಲೆ ಪಶ್ಚಾತ್ತಾಪಪಟ್ಟವನ ವಿಷಯವೆಂದು ಅದರ ಅರ್ಥ. ಕೊಂಡ ವಸ್ತುವನ್ನು ಪರೀಕ್ಷಿಸಲು ಅಲ್ಲಿ ಅವಧಿ ಗೊತ್ತುಮಾಡಿದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ಹೂಡುವ ಎತ್ತಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ದಾಸದಾಸಿಯರೂ ಆ ಪಟ್ಟಿಯಲ್ಲಿರುವುದು ಆ ಕಾಲದ ಕಳಂಕ. ಆದರೆ ಪಟ್ಟಿಯ ಹಿಂದಿನ ವಿವೇಕವು ಗಮನಾರ್ಹವಾದುದು. ದೋಷವು ಎಷ್ಟು ದಿನಗಳಲ್ಲಿ ಹೊರಬೀಳಬಹುದೋ ಅಷ್ಟು ದಿನಗಳ ಅವಕಾಶ. ಎತ್ತನ್ನು ಹೂಡಿ ನೋಡಬೇಕು, ಬೀಜವನ್ನು ಮೊಳೆಯಿಸಿ ನೋಡಬೇಕು. ಆಂಪ್ಲಿಫೈಯರನ್ನು ಎತ್ತಿನ ಸಾಲಿಗೆ ಸೇರಿಸುವುದೇ ನ್ಯಾಯ; ನಾಲ್ಕು ಗಂಟೆ ದುಡಿಸಿ ಕಾಯುವವರೆಗೆ ಅದರ ಗುಣ ತಿಳಿಯದು. ಈಬೇ ಇಂದು ಹೇಳಿದಂತಿರದ ವಸ್ತುವಿನ ಬಗ್ಗೆ ದೂರು ಕೊಡಲು ಮೂವತ್ತು ದಿನಗಳನ್ನು ಕೊಡುತ್ತದೆ. ತತ್ತ್ವ ಅದೇ, ದಿನಗಳು ಮಾತ್ರ ಬೇರೆ.

ಮಾರುವವನ ಪಕ್ಷವನ್ನೂ ಶಾಸ್ತ್ರವು ಬಿಟ್ಟಿಲ್ಲ. ಒಳ್ಳೆಯ ಬಿಡಿಭಾಗವನ್ನು ಕಿತ್ತುಕೊಂಡು ಕೆಟ್ಟದ್ದನ್ನಿಟ್ಟು ಹಿಂದಿರುಗಿಸುವ ಗಿರಾಕಿಯೂ ಲೋಕದಲ್ಲಿರುವನಷ್ಟೆ. ಕೊಂಡದ್ದು ಸರಿಯಲ್ಲವೆಂದು ತೋರಿದರೆ ಅದೇ ದಿನ, ಊನವಾಗದ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದು ನಾರದಸ್ಮೃತಿಯ ಮತ. ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲೊಂದು ಪಾಲನ್ನು ಬಿಡಬೇಕು, ಮೂರನೆಯ ದಿನ ಅದರ ಇಮ್ಮಡಿ. ದೋಷವುಳ್ಳದ್ದನ್ನು ನಿರ್ದೋಷವೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಶುಲ್ಕದ ವಿಷಯದಲ್ಲಿಯೂ ಆತನ ಮಾತು ಸ್ಪಷ್ಟ: ಸರಕಿನ ಬೆಲೆಯ ಇಪ್ಪತ್ತರಲ್ಲೊಂದು ಭಾಗ ರಾಜನಿಗೆ, ಎಂದರೆ ನೂರಕ್ಕೆ ಐದು. ಸುಂಕ ಪಡೆದ ರಾಜನಿಗೆ ವ್ಯಾಜ್ಯ ತೀರಿಸುವ ಕರ್ತವ್ಯವೂ ಇತ್ತು. ಇದೇ ಈ ವಿಚಾರದ ತಿರುಳು. ಶುಲ್ಕವು ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಗಿಂತ, ಶುಲ್ಕ ಪಡೆದವನು ವ್ಯಾಜ್ಯ ಬಂದಾಗ ನಿಲ್ಲುವನೋ ಇಲ್ಲವೋ ಎಂಬ ಪ್ರಶ್ನೆಯೇ ಮುಖ್ಯವಾದುದು.

ಇಂದಿನ ಕಾನೂನು ಈ ದಾರಿಯಲ್ಲಿ ಸ್ವಲ್ಪ ನಡೆದಿದೆ. 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಪೇಟೆಯು ದೂರು ಕೇಳುವ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದ 48 ಗಂಟೆಗಳೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ವ್ಯಾಪಾರವನ್ನೇ ವೃತ್ತಿಯಾಗಿ ನಡೆಸದ ವ್ಯಕ್ತಿಯು ತನ್ನ ಸ್ವಂತದ ವಸ್ತುವನ್ನು ಮಾರುವ ಪ್ರಸಂಗವನ್ನು ಆ ನಿಯಮಗಳು ಹೊರಗಿಟ್ಟಿವೆ. ಅಟ್ಟದ ರೇಡಿಯೋವನ್ನು ಮಾರುವ ಗೃಹಿಣಿಯೂ ಅದನ್ನು ಕೊಳ್ಳುವ ರಸಿಕನೂ ಬಹುಮಟ್ಟಿಗೆ ತಮ್ಮ ಎಚ್ಚರವನ್ನೇ ನಂಬಬೇಕಾಗಿದೆ.

ಆದುದರಿಂದ ಮಾರುವವರು ಮೂರು ಮಾತುಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಶುಲ್ಕವನ್ನು ಬೆಲೆಯ ಮೇಲೆ ಮಾತ್ರ ಹಿಡಿಯುವರೋ, ಸಾಗಾಟವನ್ನೂ ಸೇರಿಸುವರೋ? ಸರಕು ದಾರಿಯಲ್ಲಿರುವಾಗ ಹಣವು ಯಾರ ಕೈಯಲ್ಲಿ ನಿಂತಿರುವುದು? ಹಿಂದಿರುಗಿಸಲು ಎಷ್ಟು ದಿನ, ಯಾರ ಖರ್ಚು? ಇವುಗಳಿಗೆ ಉತ್ತರವಿಲ್ಲದ ಪೇಟೆಯಲ್ಲಿ ಗಿರಾಕಿಯು ಮನೆಯ ಬಾಗಿಲಿಗೇ ಬಂದು, ಯಂತ್ರವನ್ನು ಹಾಡಿಸಿ ಕೇಳಿ, ರೊಕ್ಕ ಎಣಿಸಿ ಒಯ್ಯಲಿ. ದೂರಕ್ಕೆ ಕಳುಹಿಸುವುದೇ ಆದರೆ ಯಂತ್ರವು ಹಾಡುತ್ತಿರುವಾಗಲೇ ಚಿತ್ರೀಕರಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟು, ರಿಕಾರ್ಡ್ ಪ್ಲೇಯರಾದರೆ ತಿರುಗುವ ತಟ್ಟೆಯನ್ನು ಬೇರೆ ಮಾಡಿ ಮುಳ್ಳಿನ ತೋಳನ್ನು ಕಟ್ಟಿ ಪೆಟ್ಟಿಗೆಯೊಳಗಿಡಬೇಕು. ಇರುವ ದೋಷವನ್ನು ಇದೆಯೆಂದು ಬರೆದರೆ ಬೆಲೆ ಸ್ವಲ್ಪ ತಗ್ಗುವುದು, ವ್ಯಾಜ್ಯ ಪೂರ್ತಿ ತಪ್ಪುವುದು.

ಹಳೆಯ ರೇಡಿಯೋದ ಬೆಲೆ ದೊಡ್ಡದಲ್ಲ. ಆದರೆ ಅದನ್ನು ಮಾರಹೋಗಿ ಒಮ್ಮೆ ಮೋಸಹೋದವರು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ, ಅಪರಿಚಿತನೊಡನೆ ವ್ಯವಹರಿಸುವ ಧೈರ್ಯವನ್ನು. ಆ ಧೈರ್ಯ ಕುಂದಿದ ಮನೆಗಳಿಂದ ಯಂತ್ರಗಳೆಲ್ಲ ಗುಜರಿಯ ತಕ್ಕಡಿಗೇ ಹೋಗುವುವು. ದೂರದಲ್ಲಿ ಅವುಗಳಿಗಾಗಿ ಕಾದಿರುವ ಕಿವಿಗೆ ಅವುಗಳ ದನಿ ತಲುಪಬೇಕಾದರೆ ನಡುವೆ ನಿಲ್ಲುವ ನಂಬಿಕಸ್ತನೊಬ್ಬನು ಬೇಕು. ಅವನಿಗೆ ಸಲ್ಲತಕ್ಕ ಕೂಲಿಯನ್ನು ಸಲ್ಲಿಸುವುದರಿಂದ ಯಾರಿಗೂ ನಷ್ಟವಿಲ್ಲ.