ಕಂಪೈಲ್ ಆದಮೇಲೆ ಶುರುವಾದ ಕೆಲಸ

ಬಯೋಟೆಕ್‌ನ ಗೆಳತಿಯೊಬ್ಬಳ ಪ್ರಾಜೆಕ್ಟ್‌ಗೆ ಒಂದು ಟೂಲ್ ಬೇಕಿತ್ತು. ಬ್ಯಾಕ್ಟೀರಿಯಾದ 16ಎಸ್ ಜೀನ್‌ನ ತುಣುಕು ಕೊಟ್ಟರೆ, ಡೇಟಾಬೇಸ್‌ನಲ್ಲಿ ಅದನ್ನು ಹೋಲುವ ತುಣುಕುಗಳನ್ನು ಸ್ಕೋರ್ ಪ್ರಕಾರ ಪಟ್ಟಿ ಮಾಡುವ ಸಿ ಪ್ರೋಗ್ರಾಂ. ಬರೆದವರು ಲಿನಕ್ಸ್‌ಗೆಂದೇ ಬರೆದಿದ್ದರು. ನಮಗೆ ಸಿಕ್ಕ ಸರ್ವರ್‌ನಲ್ಲಿ ಇದ್ದದ್ದು ಫ್ರೀಬಿಎಸ್‌ಡಿ. "ಎರಡೂ ಯುನಿಕ್ಸ್ ಥರಾನೇ ಅಲ್ವೇನೋ?" ಅಂದಳು. ಥರಾನೇ, ಆದ್ರೆ ಒಂದೇ ಅಲ್ಲ.

ಮೊದಲ ಅಡ್ಡಿಗಳು ಸುಲಭದವು. ಮೇಕ್‌ಫೈಲ್ ಇದ್ದದ್ದು ಗ್ನೂ ಮೇಕ್‌ಗೆ, ಹಾಗಾಗಿ ಜಿಮೇಕ್ ಹಾಕಿಕೊಂಡೆ. ಸ್ಕ್ರಿಪ್ಟ್‌ಗಳು ಬ್ಯಾಶ್ ಅನ್ನು ಲಿನಕ್ಸ್‌ನ ಜಾಗದಲ್ಲೇ ಹುಡುಕುತ್ತಿದ್ದವು. ಫ್ರೀಬಿಎಸ್‌ಡಿಯಲ್ಲಿ ಅದು ಬೇರೆ ಪ್ಯಾಕೇಜ್, ಬೇರೆ ಡೈರೆಕ್ಟರಿ. ಮ್ಯಾಲಕ್ ಡಾಟ್ ಎಚ್ ಸೇರಿಸಿದರೆ "ಎಸ್‌ಟಿಡಿಲಿಬ್ ಬಳಸಿ" ಅಂತ ಕಂಪೈಲೇ ನಿಂತುಹೋಗುತ್ತೆ. ಎಲ್ಲ ಸರಿಮಾಡಿ ಎರಡನೇ ದಿನ ಎರರ್ ಇಲ್ಲದೆ ಕಂಪೈಲ್ ಆಯ್ತು.

ಹಾಗಂತ ಅವಳ ಕೈಗೆ ಕೊಡಲಿಲ್ಲ. ಅದೇ ಇನ್‌ಪುಟ್ ಅನ್ನು ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲೂ ಓಡಿಸಿ, ಎರಡು ಔಟ್‌ಪುಟ್‌ಗಳನ್ನು ಡಿಫ್ ಮಾಡಿದೆ. ಸ್ಕೋರ್‌ಗಳೆಲ್ಲ ಒಂದೇ. ಆದರೆ ಕೆಲವು ಕಡೆ ಸಾಲುಗಳು ಅದಲು ಬದಲು. ಒಂದು ತುಣುಕಿಗೆ ಲಿನಕ್ಸ್‌ನಲ್ಲಿ ಮೊದಲು ಬಂದದ್ದು ಇ. ಕೋಲೈ, ಫ್ರೀಬಿಎಸ್‌ಡಿಯಲ್ಲಿ ಶಿಗೆಲ್ಲಾ. ಅವಳ ಸ್ಕ್ರಿಪ್ಟ್ ಓದುತ್ತಿದ್ದದ್ದು ಮೊದಲ ಸಾಲನ್ನು ಮಾತ್ರ!

ಕಾರಣ ಕ್ಯೂಸಾರ್ಟ್ ಫಂಕ್ಷನ್. ಎರಡು ಸ್ಕೋರ್ ಸಮ ಇದ್ದರೆ ಯಾವುದು ಮೊದಲು ಬರಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ ಅದರೊಳಗೆ ಸಾಮಾನ್ಯವಾಗಿ ಮರ್ಜ್ ಸಾರ್ಟ್ ನಡೆಸುತ್ತೆ, ಬಂದ ಕ್ರಮ ಉಳಿಯುತ್ತೆ. ಫ್ರೀಬಿಎಸ್‌ಡಿಯದ್ದು ಕ್ವಿಕ್ ಸಾರ್ಟ್, ಕ್ರಮ ಉಳಿಯಬೇಕೆಂದಿಲ್ಲ. ಡೇಟಾ ಸ್ಟ್ರಕ್ಚರ್ಸ್ ಪೇಪರಿನಲ್ಲಿ ಎರಡು ಮಾರ್ಕ್ಸ್‌ಗೆ ಬರೆದು ಮರೆತ 'ಸ್ಟೇಬಲ್ ಸಾರ್ಟ್' ಇಲ್ಲಿ ಬ್ಯಾಕ್ಟೀರಿಯಾದ ಹೆಸರನ್ನೇ ಬದಲಿಸಿತ್ತು.

ಲಿನಕ್ಸ್ ಸರಿ, ಫ್ರೀಬಿಎಸ್‌ಡಿ ತಪ್ಪು ಅಂತಲ್ಲ. ಈ ಎರಡು ಬ್ಯಾಕ್ಟೀರಿಯಾಗಳ 16ಎಸ್ ಜೀನ್ ಹೆಚ್ಚುಕಡಿಮೆ ಒಂದೇ. ಅದೊಂದನ್ನೇ ನೋಡಿ ಬೇರೆ ಮಾಡೋದು ಕಷ್ಟ. ಲಿನಕ್ಸ್‌ನಲ್ಲಿ ಪ್ರತಿ ಸಲ ಅದೇ ಉತ್ತರ ಬರುತ್ತಿದ್ದರಿಂದ ಆ ಅನುಮಾನ ಯಾರಿಗೂ ಬಂದಿರಲಿಲ್ಲ, ಅಷ್ಟೇ.

ಹೋಲಿಸುವ ಫಂಕ್ಷನ್‌ಗೆ ಮೂರು ಸಾಲು ಸೇರಿಸಿದೆ: ಸ್ಕೋರ್ ಸಮ ಇದ್ದರೆ, ಡೇಟಾಬೇಸ್‌ನಲ್ಲಿ ಮುಂದಿರೋದು ಮೊದಲು. ಪ್ಯಾಚನ್ನು ಮೂಲ ಲೇಖಕರಿಗೂ ಕಳಿಸಿದೆ. ಗೆಳತಿ ತನ್ನ ಸ್ಕ್ರಿಪ್ಟ್ ಬದಲಿಸಿ, ಸಮ ಸ್ಕೋರ್ ಬಂದ ಕಡೆಯೆಲ್ಲ ಎರಡೂ ಹೆಸರು ಬರೆದು, ಪಕ್ಕದಲ್ಲಿ "ನಿರ್ಧಾರವಾಗಿಲ್ಲ" ಅಂತ ಹಾಕಿದಳು. ರಿಪೋರ್ಟ್‌ನಲ್ಲಿ ಖಚಿತ ಹೆಸರುಗಳು ಕಮ್ಮಿಯಾದವು, ಆದರೆ ಉಳಿದವನ್ನು ನಂಬಬಹುದಿತ್ತು.

ಫ್ರೀಬಿಎಸ್‌ಡಿ ಪೋರ್ಟ್ಸ್‌ನಲ್ಲಿ 'ಬಯಾಲಜಿ' ಅಂತ ಒಂದು ವಿಭಾಗವೇ ಇದೆ. ಕೈ ಹಾಕುವ ಮನಸ್ಸಿದ್ದರೆ ಅಲ್ಲಿಂದ ಶುರುಮಾಡಿ. ಟ್ರೀಟ್ ಮಾತ್ರ ಕಂಪೈಲ್ ಆದ ದಿನ ಬೇಡ, ಡಿಫ್ ಖಾಲಿ ಬಂದ ದಿನ ಕೊಡಿಸಿ.